ಚೌಡಕ್ಕನ ತಪಾಸಣೆ

ಕಲ್ಯಾಣದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಹೂ ಮಾರುವ ಚೌಡಕ್ಕ ಯಾರನ್ನೂ ಸುಲಭಕ್ಕೆ ನಂಬುವವಳಲ್ಲ. ಬುಟ್ಟಿಯ ತಳಕ್ಕೆ ಕೈ ಹಾಕಿ ನೋಡದೆ ಒಂದು ದಿನವೂ ಹೂ ಕೊಂಡವಳಲ್ಲ. ಬಿದ್ದು ಸೊಂಟದ ಆಪರೇಷನ್ ಆಗಿದ್ದ ಅವಳ ಅಕ್ಕ ಮುನಿಯಕ್ಕನನ್ನು ಅಕ್ಕನ ಮಗ ಬಾಲಾಜಿ ಹಿಂದೂಪುರದ ಆರೈಕೆ ಕೇಂದ್ರವೊಂದಕ್ಕೆ ಸೇರಿಸಿದ್ದ. "ಚೆನ್ನಾಗಿ ನೋಡ್ಕೊಂತಾರೆ ಚಿಕ್ಕಮ್ಮ" ಎಂದ ಅವನ ಮಾತಿಗೆ ಮೂಗು ಮುರಿದು, ಹೇಳದೆ ಕೇಳದೆ ಬಸ್ಸು ಹತ್ತಿದಳು. ಅಕ್ಕನ ಬಟ್ಟೆಬರೆ ತುಂಬಿಕೊಂಡು ಬರಲು ಖಾಲಿ ಚೀಲವನ್ನೂ ಹಿಡಿದಿದ್ದಳು.

ಹೋದವಳೇ ಹಾಸಿಗೆ ಮೂಸಿದಳು, ಅಕ್ಕನ ಬೆನ್ನು ಸವರಿ ಹುಣ್ಣಾಗಿದೆಯೇ ನೋಡಿದಳು. ಎಲ್ಲ ಸರಿಯಾಗಿಯೇ ಇತ್ತು. ಆದರೂ ಅನುಮಾನ ಹೋಗಲಿಲ್ಲ. ಆಪರೇಷನ್ ಆದ ಆಸ್ಪತ್ರೆಯೂ ಫಳಫಳ ಹೊಳೆಯುತ್ತಿತ್ತು. ಬೀದಿಯನ್ನೇ ನಡುಗಿಸುವ ಬಾಯಿಯ ಅಕ್ಕ ಅಲ್ಲಿ ಎಲ್ಲದಕ್ಕೂ "ಹೂಂ" ಎನ್ನುತ್ತ ಮುದುಡಿ ಮಲಗಿದ್ದಳು.

ಅಷ್ಟರಲ್ಲಿ ನರ್ಸ್ ರೇವತಿ ಊಟ ತಂದಳು. ಮುನಿಯಕ್ಕ ಮುದ್ದೆಗೆ ಕೈ ಹಾಕಿದ್ದೇ ತಡ, ಸಿಡುಕಿದಳು.

"ಇದೇನ್ ಮುದ್ದೆನಮ್ಮಾ? ಒಳಗೆಲ್ಲಾ ಗಂಟು! ತಗೊಂಡೋಗು ಅತ್ಲಾಗೆ!"

ರೇವತಿ ನಕ್ಕಳು. "ನಿನ್ನೆ ಸಾರು ಸಪ್ಪೆ ಅಂದೆ, ಇವತ್ತು ಮುದ್ದೆನಾ ಅವ್ವಾ? ನಾಳೆ ವಾಕರ್ ಹಿಡ್ಕೊಂಡು ಅಡುಗೆಮನೆಗೇ ಬಾ, ನೀನೇ ತಿರುವಿ ತೋರ್ಸು."

"ಬತ್ತೀನಿ ಕಣಮ್ಮ, ಬರ್ದೆ ಬಿಡ್ತೀನಾ!"

ಚೌಡಕ್ಕ ಖಾಲಿ ಚೀಲವನ್ನು ಸದ್ದಿಲ್ಲದೆ ಮಡಚಿ ಕಂಕುಳಿಗೆ ಸಿಕ್ಕಿಸಿಕೊಂಡಳು. ಹೊರಡುವಾಗ ರೇವತಿಯ ಎರಡೂ ಕೈ ಹಿಡಿದು ಹೇಳಿದಳು:

"ಅವಳು ನಡೆಯೋಗಂಟ ಹಿಂಗೇ ಬೈಸ್ಕೊಂಡಿರು ಕಣಮ್ಮ."