ಅಂದಾನೆಪ್ಪನವರ ಗುಲಾಬಿ
ಹದಿನೈದು ವರ್ಷಗಳ ಹಿಂದೆ ನಾನು ವರ್ಗವಾಗಿ ರಾಣೆಬೆನ್ನೂರಿಗೆ ಬಂದ ದಿನವೇ ಪಕ್ಕದ ಮನೆಯ ಅಂದಾನೆಪ್ಪನವರು ಗೇಟಿನಲ್ಲಿ ತಡೆದು, ಗುಲಾಬಿಯೊಂದನ್ನು ನನ್ನ ಮೂಗಿಗೆ ಹಿಡಿದು, "ಮಾಸ್ತರ್ರ, ವಾಸನಿ ಹೆಂಗೈತಿ? ಖರೇ ಹೇಳ್ರಿ" ಎಂದರು. "ಚಲೋ ಐತ್ರಿ" ಎಂದರೆ ಬಿಡುವವರಲ್ಲ, "ಹೆಂಗ ಚಲೋ? ಬೆಲ್ಲದಂಗೋ, ಬಾಳಿಹಣ್ಣಿನಂಗೋ?" ಎಂದು ಪರೀಕ್ಷಕರಂತೆ ಕೆದಕುವರು. ಚಳಿಗಾಲ ಬಂದರೆ ಸಾಕು, ಟೊಂಗೆ ಕತ್ತರಿಸಿ, ತುದಿಗೆ ಸಗಣಿ ಮೆತ್ತಿ, ಹಿತ್ತಲ ತುಂಬ ನೆಡುವರು. ಹೂವು ಅರಳಿದ ಮೇಲೆ ಹಾಲಿನವನಿಗೂ ಅಂಚೆಯವನಿಗೂ ಮೂಸಿ ನೋಡದ ಹೊರತು ಬಿಡುಗಡೆಯಿಲ್ಲ. "ನೀವ ಮೂಸಿ ನೋಡಬಾರದೇನ್ರಿ?" ಎಂದು ಒಮ್ಮೆ ನಕ್ಕೆ. ಅವರ ಹೆಂಡತಿ ಸುಶೀಲವ್ವ ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು: "ಬ್ಯಾಡಗ್ಯಾಗ ಮೂವತ್ತು ವರ್ಷ ಮೆಣಸಿನಕಾಯಿ ಚೀಲ ತುಂಬ್ಯಾರ್ರಿ. ಆ ಘಾಟಿಗೆ ಮೂಗ ಹೋಗೇತಿ, ಯಾವ ವಾಸನೀನೂ ಹತ್ತೂದಿಲ್ಲ." ಈಗಲೂ ಚಳಿಯ ಮುಂಜಾನೆ ಮೊದಲು ಅರಳಿದ ಹೂವನ್ನು ಅವರು ಸುಶೀಲವ್ವನ ಮೂಗಿಗೆ ಹಿಡಿದು, ಆಕೆಯ ಮುಖವನ್ನೇ ನೋಡುತ್ತ ನಿಲ್ಲುತ್ತಾರೆ.