ಅಕ್ಕ ಕೂಗಿದ ಅಳತೆ

ನಮ್ಮಕ್ಕನ ಗಂಟಲಿಗೆ ಬೀಗವೂ ಇಲ್ಲ, ಚಿಲಕವೂ ಇಲ್ಲ. ಹುಟ್ಟಿದಾಗ ಅವಳು ಅತ್ತದ್ದು ಮೂರು ಬೀದಿಗೆ ಕೇಳಿಸಿತ್ತು ಎಂದು ಅಮ್ಮ ಹೇಳುತ್ತಿದ್ದಳು. ನಾನು ಅವಳಿಗಿಂತ ಆರು ವರ್ಷ ಚಿಕ್ಕವಳು, ಅವಳ ಬಾಲ. ಮೂವತ್ತು ವರ್ಷದಿಂದ ಅವಳ ಮನೆಯ ಮುಂದಿನ ಕೋಣೆಯಲ್ಲಿ ಇಬ್ಬರೂ ಸೇರಿ ಹೊಲಿಗೆ ಅಂಗಡಿ ನಡೆಸುತ್ತಿದ್ದೇವೆ. ಪರದೆಯ ಹಿಂದೆ ಟೇಪು ಹಿಡಿದು ಅವಳು ಅಳತೆ ಕೂಗುವುದು, ಪರದೆಯ ಈಚೆ ಮೇಜಿನ ಮೇಲೆ ಪುಸ್ತಕ ತೆರೆದು ನಾನು ಬರೆದುಕೊಳ್ಳುವುದು. "ಎದೆ ಮೂವತ್ತಾರು! ಸೊಂಟ ಮೂವತ್ತು! ತೋಳು ಒಂಬತ್ತು!" ಕಾದು ಕೂತ ಗಿರಾಕಿಗಳಿಗೂ ಕೇಳಿಸುತ್ತಿತ್ತು, ಬೀದಿಯಲ್ಲಿ ಹೋಗುವವರಿಗೂ ಕೇಳಿಸುತ್ತಿತ್ತು. ಯಾರಾದರೂ "ಸ್ವಲ್ಪ ಮೆತ್ತಗೆ ಹೇಳಕ್ಕಾ" ಅಂದರೆ, "ಇದರಲ್ಲಿ ಮುಚ್ಚಿಡೋದೇನಿದೆ? ದೇವರು ಕೊಟ್ಟ ಮೈ ತಾನೇ?" ಅನ್ನುವಳು. ಅವಳಿಗೆ ಎದುರು ಮಾತಾಡುವ ಧೈರ್ಯ ಯಾರಿಗಿತ್ತು!

ಅಕ್ಕನ ಸೊಸೆ ಮನೆಗೆ ಬಂದ ಮೂರನೇ ವರ್ಷ, ಸಂಜೆ ಕಾಲೇಜಿಗೆ ಸೇರುತ್ತೇನೆ ಎಂದಳು. ಇಂಗ್ಲಿಷ್ ಪ್ರಬಂಧ ರಚನೆ ಮತ್ತು ಸಾಹಿತ್ಯ. ಬಾಯಿಗೆ ಬೆರಳಿಟ್ಟರೂ ಕಚ್ಚದ ಹುಡುಗಿ ಅದು. ಅಕ್ಕ ಒಂದು ದಿನವಿಡೀ ಯೋಚಿಸಿ, "ನಾನೂ ಸೇರ್ತೀನಿ" ಎಂದುಬಿಟ್ಟಳು. ಮದುವೆಗಾಗಿ ಕಾಲೇಜು ಬಿಟ್ಟವಳು, ಆ ಕೊರಗು ಐವತ್ತೆರಡಾದರೂ ಹೋಗಿರಲಿಲ್ಲ. ಅರ್ಜಿ ಹಾಕಿ ಬಂದ ದಿನವೇ ಡಿಗ್ರಿ ಕಾಗದಕ್ಕೆಂದು ಗೋಡೆಗೆ ಮೊಳೆ ಹೊಡೆದಳು. "ನೀನೂ ಬಾರೇ" ಎಂದು ನನಗೆ ಹೇಳಿದಳು. ಕೇಳಿದ್ದಲ್ಲ, ಹೇಳಿದ್ದು.

ಸೊಸೆಯ ಮುಖ ಬಾಡಿದ್ದನ್ನು ನಾನು ನೋಡಿದೆ. ಅವಳು ಒಂದೇ ಒಂದು ಮಾತು ಕೇಳಿಕೊಂಡಳು: "ಅತ್ತೆ, ಕ್ಲಾಸಲ್ಲಿ ನಾವು ಅತ್ತೆ-ಸೊಸೆ ಅಂತ ಯಾರಿಗೂ ಹೇಳೋದು ಬೇಡ."

"ಅಯ್ಯೋ, ಅದಕ್ಕೇನಂತೆ! ನೀನೂ ಸ್ಟೂಡೆಂಟು, ನಾನೂ ಸ್ಟೂಡೆಂಟು" ಎಂದು ಅಕ್ಕ ಬಿದ್ದು ಬಿದ್ದು ನಕ್ಕಳು.

ಸೊಸೆ ಕೊನೆಯ ಬೆಂಚು ಹಿಡಿದಳು, ನಾವಿಬ್ಬರು ಮೊದಲನೆಯದು. ಇಂಗ್ಲಿಷನ್ನು ಗಟ್ಟಿಯಾಗಿ ಓದುವುದು ಅಕ್ಕನಿಗೆ ಬಲು ಬೇಗ ಬಂತು. ಬಾಯಿ ಮುಂದೆ ಓಡುತ್ತಿತ್ತು, ಅರ್ಥ ಮಾತ್ರ ಹಿಂದೆ ಕುಂಟುತ್ತ ಬರುತ್ತಿತ್ತು. ಒಂದು ಪುಟ ಗಡಗಡ ಓದಿ ಮುಗಿಸಿ ಕೂತ ಮೇಲೆ, "ಏನಂತೇ ಅದು?" ಎಂದು ನನ್ನನ್ನು ತಿವಿಯುತ್ತಿದ್ದಳು. ಮೇಡಂಗೆ ಈ ಗುಟ್ಟು ಗೊತ್ತಿರಲಿಲ್ಲ. ಏನಾದರೂ ಓದಿಸಬೇಕೆಂದರೆ ಅಕ್ಕನನ್ನೇ ಏಳಿಸುತ್ತಿದ್ದರು.

ಒಂದು ವಾರ 'ಮರೆಯಲಾಗದ ಒಂದು ದನಿ' ಎಂಬ ಪ್ರಬಂಧ ಬರೆಯಲು ಹೇಳಿದರು. ಟೈಪ್ ಮಾಡಿ ತರಬೇಕು, ಹೆಸರು ಬೇಡ, ರೋಲ್ ನಂಬರ್ ಸಾಕು. ಮೇಡಂ ಒಬ್ಬರೇ ಓದುತ್ತಾರೆ ಎಂದುಕೊಂಡು ಎಲ್ಲರೂ ಮನಸ್ಸು ಬಿಚ್ಚಿ ಬರೆದರು. ನಾನು ನಮ್ಮ ಹಳೇ ಮಿಷಿನ್ನಿನ ಕಟಕಟ ಸದ್ದಿನ ಬಗ್ಗೆ ಬರೆದೆ. ಮುಂದಿನ ವಾರ ಮೇಡಂ ಹಾಳೆಗಳನ್ನೆಲ್ಲ ಕಲೆಸಿ ಹಂಚಿದರು. "ಇವತ್ತು ನೀವೇ ಪರೀಕ್ಷಕರು. ಕೈಗೆ ಸಿಕ್ಕಿದ್ದನ್ನ ಎದ್ದು ನಿಂತು ಓದಿ, ಹತ್ತಕ್ಕೆ ಎಷ್ಟು ಅಂತ ಹೇಳಿ." ಹಿಂದೆ ಒಂದು ಬೆಂಚು ಕಿರ್ರೆಂದಿತು.

ಮೊದಲು ಎದ್ದವಳು, ಇನ್ಯಾರು, ನಮ್ಮಕ್ಕ.

'ನಮ್ಮ ಮನೆಯಲ್ಲಿ ಒಂದು ಪರದೆ ಇದೆ' ಎಂದು ಶುರುವಾಗಿತ್ತು ಆ ಇಂಗ್ಲಿಷ್ ಬರಹ. 'ತಿಂಗಳಿಗೊಮ್ಮೆ ಅದರ ಹಿಂದೆ ನನ್ನನ್ನು ನಿಲ್ಲಿಸುತ್ತಾರೆ. ಹೊಸ ಬಟ್ಟೆಗೆ ಅನ್ನುತ್ತಾರೆ. ಆದರೆ ಟೇಪು ಸೊಂಟ ಬಿಟ್ಟು ಬೇರೆಲ್ಲಿಗೂ ಹೋಗುವುದಿಲ್ಲ.'

ಅಕ್ಕ ಗಂಟೆ ಬಾರಿಸಿದ ಹಾಗೆ ಓದುತ್ತಲೇ ಇದ್ದಳು.

'ಆಮೇಲೆ ನಂಬರನ್ನು ಕೂಗಿ ಹೇಳುತ್ತಾರೆ. ಕೂತವರೆಲ್ಲ ಪರದೆಯ ಕಡೆ ನೋಡುತ್ತಾರೆ. ಎಲ್ಲರೂ ಯಾವ ನಂಬರಿಗಾಗಿ ಕಾಯುತ್ತಿದ್ದಾರೆಂದು ನನಗೆ ಗೊತ್ತು. ಇನ್ನೊಬ್ಬರು ತಲೆಯೆತ್ತದೆ ಬರೆದುಕೊಳ್ಳುತ್ತಾರೆ.'

ತಲೆಯೆತ್ತದೆ ಬರೆದುಕೊಳ್ಳುವವಳು ನಾನು! ಅಕ್ಕನ ತೋಳು ಹಿಡಿದು ಜಗ್ಗಿದೆ, ಅವಳು ಕೊಡವಿಕೊಂಡಳು. ತಿರುಗಿ ನೋಡಿದರೆ ಸೊಸೆ ಎರಡೂ ಕೈಯಲ್ಲಿ ಬೆಂಚಿನ ಅಂಚು ಹಿಡಿದು ಕೂತಿದ್ದಾಳೆ. ಪಾಪ, 'ನಿಲ್ಲಿಸಿ' ಅನ್ನುವ ಹಾಗೂ ಇಲ್ಲ. ಅಂದರೆ ಬರೆದವಳು ತಾನೇ ಎಂದು ನಲವತ್ತು ಜನಕ್ಕೆ ಗೊತ್ತಾಗಿಬಿಡುತ್ತದೆ.

'ಒಂದು ತಿಂಗಳು ನಂಬರ್ ಏರಿತು,' ಎಂದು ಓದಿದಳು ಅಕ್ಕ. 'ಮುಂದಿನ ತಿಂಗಳೂ ಏರಿತು. ಮನೆಯಲ್ಲಿ ನಗುವೋ ನಗು. ಐದನೇ ತಿಂಗಳು ಆಸ್ಪತ್ರೆಗೆ ಹೋದೆ, ಬರಿಗೈಯಲ್ಲಿ ಬಂದೆ. ಬಂದ ಹನ್ನೆರಡನೇ ದಿನ ಮತ್ತೆ ಪರದೆಯ ಹಿಂದೆ ನಿಲ್ಲಿಸಿದರು. ಅವತ್ತೂ ಕೂಗಿ ಹೇಳಿದರು. ಆ ನಂಬರ್...'

ಅಕ್ಕನ ದನಿ ನಿಂತಿತು. ಅರ್ಥ ಬಂದು ತಲುಪಿತ್ತು.

ದೇವರಾಣೆಗೂ ನಮ್ಮಕ್ಕ ಕೆಟ್ಟವಳಲ್ಲ. ಬಸುರಿಗೆಂದು ಸಡಿಲ ಮಾಡಿದ್ದ ಬಟ್ಟೆ ಮೈಮೇಲೆ ಜೋಲಾಡಿದರೆ ಹುಡುಗಿಗೆ ಸಂಕಟ ಹೆಚ್ಚುತ್ತದೆ ಎಂದು, ಬೇಗ ಟೈಟ್ ಮಾಡಿ ಕೊಡಲು ಅವತ್ತು ಅಳತೆ ತೆಗೆದಿದ್ದಳು. ಆದರೆ ಕೂಗಿದ್ದಳಲ್ಲ! ಅಂಗಡಿಯಲ್ಲಿ ಮೂವರು ಗಿರಾಕಿಗಳಿದ್ದರು. ಒಬ್ಬಳು "ತ್ಚು ತ್ಚು" ಅಂದಳು. ನಾನು ಆ ನಂಬರನ್ನು ತಾರೀಖು ಸಮೇತ ಬರೆದುಕೊಂಡೆ. ನಮ್ಮ ಪುಸ್ತಕದಲ್ಲಿ ಅದು ಇವತ್ತಿಗೂ ಇದೆ.

"ಯಾಕೆ ನಿಲ್ಲಿಸಿದ್ರಿ? ಓದಿ, ಓದಿ" ಎಂದರು ಮೇಡಂ.

ಅಕ್ಕ ಈಗ ತಿರುಗಿ ಸೊಸೆಯ ಕಡೆ ನೋಡಿಬಿಡುತ್ತಾಳೆ, ಮುಗಿಯಿತು ಹುಡುಗಿಯ ಮಾನ ಎಂದುಕೊಂಡೆ. ಅವಳು ತಿರುಗಲಿಲ್ಲ. ಹಾಳೆಯನ್ನು ಬೋರಲಾಗಿ ಮೇಜಿನ ಮೇಲಿಟ್ಟಳು.

"ಈ ನಂಬರ್ ನಾನು ಒಂದ್ಸಲ ಕೂಗಿ ಹೇಳಿದೀನಿ ಮೇಡಂ," ಎಂದಳು, ಇಂಗ್ಲಿಷ್ ಬಿಟ್ಟು ನಮ್ಮ ಮಾತಿನಲ್ಲೇ. "ಇನ್ನೊಂದ್ಸಲ ನನ್ನ ಬಾಯಲ್ಲಿ ಬರಲ್ಲ."

ಮೇಡಂ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಅಕ್ಕ ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಬರೆದದ್ದು ಯಾರು ಎಂದು ಆ ಕ್ಲಾಸಿಗೆ ಕೊನೆಗೂ ಗೊತ್ತಾಗಲಿಲ್ಲ.

ಬಸ್ಸಿನಲ್ಲೂ ಸೊಸೆ ದಿನಾ ಹಿಂದೆಯೇ ಕೂರುತ್ತಿದ್ದಳು. ಅವತ್ತು ಬಂದು ಅಕ್ಕನ ಪಕ್ಕ ಕೂತಳು. ಎರಡು ಸ್ಟಾಪ್ ಕಳೆದವು.

"ನೀವು ಮಾರ್ಕ್ಸ್ ಹೇಳ್ಲೇ ಇಲ್ಲ ಅತ್ತೆ" ಎಂದಳು ಕೊನೆಗೆ.

"ನಿನಗೆ ಮಾರ್ಕ್ಸ್ ಕೊಡೋಕೆ ನಾನ್ಯಾವಳೇ?" ಎಂದು ಅಕ್ಕ ಮುಖ ಮುಚ್ಚಿಕೊಂಡು ಅತ್ತಳು. ಸೊಸೆ ಸಮಾಧಾನ ಮಾಡಲಿಲ್ಲ, ಕಿಟಕಿಯಾಚೆ ನೋಡುತ್ತಿದ್ದಳು. ಎದ್ದು ಹಿಂದಿನ ಸೀಟಿಗೂ ಹೋಗಲಿಲ್ಲ.

ಈಗ ಅಂಗಡಿಯಲ್ಲಿ ಅಕ್ಕ ಅಳತೆಯನ್ನು ಚೀಟಿಯಲ್ಲಿ ಬರೆದು, ಮಡಚಿ, ಪರದೆಯ ಸಂದಿಯಿಂದ ನನ್ನ ಕೈಗೆ ಕೊಡುತ್ತಾಳೆ. ಹಳೇ ಗಿರಾಕಿಗಳಿಗೆ ಆಶ್ಚರ್ಯ. "ಏನಕ್ಕಾ, ಗಂಟಲು ಕೆಟ್ಟಿದೆಯಾ?" ಎಂದು ಕೇಳುತ್ತಾರೆ.

"ಹೂಂ ಕಣಮ್ಮಾ," ಅನ್ನುತ್ತಾಳೆ ಅಕ್ಕ. "ಮೊದಲಿಂದ್ಲೂ ಕೆಟ್ಟೇ ಇತ್ತು. ನನಗೇ ಗೊತ್ತಿರಲಿಲ್ಲ."