ಒಳಗಿನ ಪಟ್ಟಿ ಕಪ್ಪಾಗುವವರೆಗೆ

ಬೆಳಗಿನ ಆರು ಗಂಟೆ. ಆಸ್ಪತ್ರೆಯ ನೆಲಮಾಳಿಗೆಯ ಕೊನೆಯ ಕೋಣೆಯಲ್ಲಿ ಆಳೆತ್ತರದ ಉಕ್ಕಿನ ಪೆಟ್ಟಿಗೆ ಬುಸುಗುಡುತ್ತಿದೆ. ಅದರೆದುರು ಒಂದು ಕೈಯಲ್ಲಿ ಮೊಣಕಾಲು ಹಿಡಿದು, ಒತ್ತಡದ ಮುಳ್ಳು ಇಳಿಯುವುದನ್ನೇ ನೋಡುತ್ತ ನಲವತ್ತೇಳರ ಹೆಂಗಸೊಬ್ಬರು ನಿಂತಿದ್ದಾರೆ. ಆಪರೇಷನ್ನಿಗೆ ಬೇಕಾದ ಕತ್ತರಿ, ಚಿಮಟ, ಬಟ್ಟೆಗಳನ್ನು ಹಬೆಯಲ್ಲಿ ಬೇಯಿಸಿ ಕ್ರಿಮಿ ಕೊಲ್ಲುವುದು ಅವರ ಕೆಲಸ. ಇಪ್ಪತ್ತೆರಡು ವರ್ಷಗಳಿಂದ ಎಲ್ಲರ ಬಾಯಲ್ಲೂ ಅವರು ಹಬೆಯಕ್ಕ.

ಬಾಗಿಲು ತೆರೆದರೆ ಮುಖಕ್ಕೆ ರಾಚುವ ಬಿಸಿ. ಸಲಕರಣೆ ಕಟ್ಟಿದ ಬಟ್ಟೆಗಂಟುಗಳ ಮೇಲೆ ಅಂಟಿಸಿದ ಕಾಗದದ ಪಟ್ಟಿಗಳೆಲ್ಲ ಕಪ್ಪಾಗಿವೆ; ಹಬೆ ತಗುಲಿದ್ದಕ್ಕೆ ಅದೇ ಗುರುತು. ಅಷ್ಟಕ್ಕೆ ಹಬೆಯಕ್ಕ ಒಪ್ಪುವುದಿಲ್ಲ. ತಳದ ಮೂಲೆಯಲ್ಲಿಟ್ಟ ಹಳೆಬಟ್ಟೆಯ ಗಂಟೊಂದನ್ನು ಎಳೆದು ಬಿಚ್ಚುತ್ತಾರೆ. ಅದಕ್ಕೆ ಅವರಿಟ್ಟ ಹೆಸರು ಸಾಕ್ಷಿಗಂಟು. ಮಡಿಕೆಗಳ ನಡುವೆ ಹುದುಗಿದ ಪಟ್ಟಿ ಅರ್ಧ ಕಪ್ಪು, ಅರ್ಧ ಮಾಸಲು ಬಿಳಿ.

“ಹಬೆ ಒಳಗೆ ಹೋಗಿಲ್ಲ,” ಎಂದು ಉಸಿರು ಬಿಡುತ್ತಾರೆ. “ಬಾಗಿಲಿನ ರಬ್ಬರ್ ಸವೆದಿದೆ. ಹೊಸದು ಕೇಳಿ ಮೂರು ತಿಂಗಳಾಯ್ತು.”

ರಬ್ಬರ್ ಒರೆಸಿ, ಸಾಕ್ಷಿಗಂಟಿಗೆ ಹೊಸ ಪಟ್ಟಿ ಇಟ್ಟು, ಗಂಟುಗಳನ್ನು ಅರ್ಧಕ್ಕಿಳಿಸಿ, ಬಾಗಿಲಿನ ಚಕ್ರವನ್ನು ಎರಡೂ ಕೈಯಿಂದ ಬಿಗಿಯುತ್ತಾರೆ. ಮೊಣಕೈವರೆಗೆ ಸುಟ್ಟ ಕಲೆಗಳು. ಅಷ್ಟರಲ್ಲಿ ಮೇಲಿನಿಂದ ಹಿರಿಯ ನರ್ಸಿನ ಫೋನು.

“ಏನಕ್ಕಾ, ಏಳಕ್ಕೆ ಆಪರೇಷನ್ನು. ಡಾಕ್ಟ್ರು ನನ್ಮೇಲೆ ಹಾರಾಡ್ತಿದ್ದಾರೆ. ಮೇಲಿನ ಪಟ್ಟಿ ಕಪ್ಪಾಗಿದೆ ತಾನೆ? ಕಳ್ಸಿಬಿಡು.”

“ಮೇಲಿಂದು ಆಗಿದೆ ಸಿಸ್ಟರೇ, ಒಳಗಿಂದು ಆಗಿಲ್ಲ. ಏಳೂವರೆಗೆ ಕೊಡ್ತೀನಿ.”

“ನಿನ್ನ ಹಟಕ್ಕೆ ನಾನು ಬೈಸ್ಕೋಬೇಕು!”

ಫೋನಿಟ್ಟು ಸ್ಟೂಲಿನ ಮೇಲೆ ಕೂರುತ್ತಾರೆ. ದಿನಕ್ಕೆ ಎಂಟು ಸುತ್ತು, ಸುಮಾರು ನೂರೈವತ್ತು ಗಂಟು. ಕೂರಲು ಸಿಗುವುದು ಹೀಗೆ ಮುಳ್ಳು ಏರುವಾಗಲೇ. ಹನ್ನೊಂದು ವರ್ಷದ ಹಿಂದೆ ಇಂಥದೇ ಒಂದು ಅವಸರದಲ್ಲಿ ಅವರು ಸಾಕ್ಷಿಗಂಟನ್ನು ಬಿಚ್ಚದೆ ಎಲ್ಲವನ್ನೂ ಕಳಿಸಿದ್ದರು. ಆ ದಿನ ಹೆರಿಗೆ ಆಪರೇಷನ್ನಾದ ಬಾಣಂತಿಯ ಹೊಲಿಗೆ ಕೀವಾಯಿತು. ನಲವತ್ತು ದಿನ ಆಕೆಗೆ ಮಗುವನ್ನು ಎತ್ತಿಕೊಳ್ಳಲಾಗಲಿಲ್ಲ.

“ನನ್ನಿಂದಾನೇ ಆಗಿದ್ದೋ ಅಲ್ವೋ, ಗೊತ್ತಿಲ್ಲ. ಯಾರೂ ಒಂದು ಮಾತೂ ಕೇಳ್ಲಿಲ್ಲ. ಕೇಳಿದ್ರೆ ಚೆನ್ನಾಗಿತ್ತು.” ಮುಳ್ಳಿನ ಮೇಲಿಟ್ಟ ಕಣ್ಣು, ಜಪಕ್ಕೆ ಕೂತವರ ಹಾಗೆ, ಕದಲುವುದಿಲ್ಲ.

ಮನೆಯಲ್ಲಿ ಅವರ ಕೆಲಸವೆಂದರೆ ನಗೆ. “ಅಲ್ಲಿ ಬೇಯ್ಸಿದ್ದನ್ನ ತಿನ್ನೋ ಹಾಗಿಲ್ಲ, ಇಲ್ಲಿ ಬೇಯ್ಸಿದ್ದು ತಿನ್ನೋ ಹಾಗಿರಲ್ಲ,” ಎಂದು ಗಂಡ ಕಾಲೆಳೆಯುತ್ತಾರೆ. ಒಂಬತ್ತನೆಯ ತರಗತಿಯ ಮಗಳು ಮೊನ್ನೆ ‘ಮನುಷ್ಯನ ಅತಿದೊಡ್ಡ ಆವಿಷ್ಕಾರಗಳು’ ಎಂಬ ಪ್ರಬಂಧ ಬರೆದಳಂತೆ: ಚಕ್ರ, ಅಚ್ಚಿನ ಯಂತ್ರ, ವಿದ್ಯುತ್ತು, ವಿಮಾನ, ಮೊಬೈಲು.

“ನಮ್ಮ ಪೆಟ್ಟಿಗೆ ಎಲ್ಲೇ ಅಂದೆ. ‘ಅದು ದೊಡ್ಡ ಕುಕ್ಕರ್ ಅಲ್ವೇನಮ್ಮಾ’ ಅಂದ್ಲು. ನಿನ್ನ ಹೆರುವಾಗ ನನ್ನ ಹೊಟ್ಟೆ ಕೊಯ್ದಿದ್ದು ಆ ಕುಕ್ಕರಲ್ಲಿ ಬೆಂದ ಚಾಕುನಿಂದಾನೇ ಕಣೇ, ಅದಕ್ಕೇ ನಾನಿನ್ನೂ ನಿಂಗೆ ಅನ್ನ ಹಾಕ್ತಿದ್ದೀನಿ ಅಂದೆ.”

ಏಳು ಇಪ್ಪತ್ತು. ಸಾಕ್ಷಿಗಂಟು ಮತ್ತೆ ಬಿಚ್ಚಿಕೊಳ್ಳುತ್ತದೆ. ಪಟ್ಟಿ ಈ ತುದಿಯಿಂದ ಆ ತುದಿಗೆ ಇದ್ದಿಲಿನಷ್ಟು ಕಪ್ಪು. ಹಬೆಯಕ್ಕ ಅದನ್ನು ಬೆಳಕಿಗೆ ಹಿಡಿದು ಎರಡು ಸಲ ನೋಡಿ, ಗಂಟುಗಳನ್ನು ಗಾಡಿಗೇರಿಸಿ ತಾವೇ ತಳ್ಳುತ್ತ ಮೇಲೆ ಹೋಗುತ್ತಾರೆ.

ಆಪರೇಷನ್ ಕೋಣೆಯ ಹೊರಗೆ ರೋಗಿಯ ಹೆಂಡತಿ ಅತ್ತು ಕೆಂಪಾದ ಕಣ್ಣೊರೆಸುತ್ತ ಗೊಣಗುತ್ತಿದ್ದಾರೆ: “ಯಾವ ಮಹಾರಾಯ್ತಿ ತಡ ಮಾಡಿದ್ಲೋ!” ಹಬೆಯಕ್ಕ ಗಾಡಿಯನ್ನು ಒಳಕ್ಕೆ ದಾಟಿಸಿ, ಬಂದ ದಾರಿಯಲ್ಲೇ ಇಳಿಯುತ್ತಾರೆ.

ಏನಾದರೂ ಆಸೆ ಇದೆಯೇ ಎಂದರೆ ಮೆಟ್ಟಿಲ ಮೇಲೆ ನಿಂತು ಮೊಣಕಾಲು ಒತ್ತಿಕೊಳ್ಳುತ್ತಾರೆ.

“ಒಂದು ಹೊಸ ರಬ್ಬರು. ಆಮೇಲೆ ಆ ಯಮ್ಮ ಗಂಡನ್ನ ಕರ್ಕೊಂಡು ಮನೆಗೆ ಹೋಗ್ಲಿ, ದಾರಿ ಉದ್ದಕ್ಕೂ ನನ್ನ ಬೈಕೊಂಡೇ ಹೋಗ್ಲಿ.”